ಹೆಂಡತಿಗೆ ಕೆನಡಾ ಪಿಆರ್ ಸ್ಪಾನ್ಸರ್: ಸೋದರಮಾವನ ಮಗಳನ್ನು ಮದುವೆಯಾದವರು ಅರ್ಜಿಯಲ್ಲಿ ಏನು ಬರೆಯಬೇಕು?

ಹೇಮಾವತಿ ದಂಡೆ (ಎಡ್ಮಂಟನ್)

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವನು. ಎಕ್ಸ್‌ಪ್ರೆಸ್ ಎಂಟ್ರಿ ಅನ್ನುವ ಕೌಶಲದ ವಲಸೆ ದಾರಿಯಲ್ಲಿ ಪಿಆರ್ (ಕಾಯಂ ನಿವಾಸಿ) ಆಗಿ ಎಡ್ಮಂಟನ್‌ನಲ್ಲಿದ್ದೇನೆ. ಈ ವೈಶಾಖದಲ್ಲಿ ಹಾಸನದಲ್ಲಿ ಮದುವೆಯಾಯಿತು. ಹುಡುಗಿ ನನ್ನ ಸೋದರಮಾವನ ಮಗಳು, ಚಿಕ್ಕಂದಿನಿಂದ ಗೊತ್ತು. ರಜೆ ಮುಗಿದ ಮೇಲೆ ನಾನು ಒಬ್ಬನೇ ವಾಪಸ್ ಬಂದೆ. ಸ್ವಲ್ಪ ದಿನ ನಮ್ಮ ಮನೆಯಲ್ಲಿದ್ದು, ಈಗ ಆಷಾಢ ಅಂತ ತವರಿಗೆ ಹೋಗಿದ್ದಾಳೆ.

ಅರ್ಜಿ ತುಂಬಲು ಕೂತಾಗ ಕೈ ಓಡುತ್ತಿಲ್ಲ. ಇಲ್ಲಿ ಪರಿಚಯದವರೊಬ್ಬರು "ಕಸಿನ್ ಅಂತ ಎಲ್ಲೂ ಬರೀಬೇಡ, ರಿಜೆಕ್ಟ್ ಮಾಡಿಬಿಡ್ತಾರೆ" ಅಂದರು. ಮುಚ್ಚಿಡುವುದು ನನಗೆ ಸರಿ ಅನ್ನಿಸುತ್ತಿಲ್ಲ, ಆದರೆ ಭಯವೂ ಇದೆ. ಅವಳ ಹೆಸರು ಪಾಸ್‌ಪೋರ್ಟಿನಲ್ಲಿ ಪೂರ್ತಿ ಇದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ. ಡಿಗ್ರಿ ಆದಮೇಲೆ ಕೆಪಿಎಸ್‌ಸಿಗೆ ಓದುತ್ತಿದ್ದಳು, ಕೆಲಸಕ್ಕೆ ಹೋಗಿಲ್ಲ. ಒಂದು ವರ್ಷ ರಜೆ ಹಾಕಿ ಊರಿಗೇ ಹೋಗಿ ಅಲ್ಲಿಂದ ಅರ್ಜಿ ಹಾಕಲಾ ಅಂತಲೂ ಯೋಚನೆ. ತಿಳಿದವರು ಹೇಳಿ.

ಅಂಚೆಪೆಟ್ಟಿಗೆ (ಮಿಸಿಸಾಗಾ)

ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ಊರಿಗೆ ಹೋಗಿ ಕೂರಬೇಡಿ. ಸಿಟಿಜನ್ ಆದವರು ಹೊರದೇಶದಲ್ಲಿದ್ದುಕೊಂಡೂ ಸ್ಪಾನ್ಸರ್ ಮಾಡಬಹುದು, ಹೆಂಡತಿಗೆ ಪಿಆರ್ ಆದಮೇಲೆ ಕೆನಡಾದಲ್ಲಿ ನೆಲೆಸುತ್ತೇವೆ ಅಂತ ತೋರಿಸಿದರೆ ಸಾಕು. ಪಿಆರ್ ಇರುವವರಿಗೆ ಆ ಅನುಕೂಲ ಇಲ್ಲ. ಅರ್ಜಿ ಹಾಕುವಾಗಲೂ, ಅದು ನಡೆಯುತ್ತಿರುವಾಗಲೂ ನೀವು ಕೆನಡಾದಲ್ಲೇ ವಾಸವಿರಬೇಕು. ನೋಡಿಕೊಂಡು ಬರಲು ಹೋಗಬಹುದು, ಹೋಗಲೇಬೇಕು. ಆ ಓಡಾಟವೇ ನಿಮ್ಮ ಸಂಬಂಧಕ್ಕೆ ಒಳ್ಳೆಯ ಸಾಕ್ಷಿ. ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಇನ್ನು ಮುಖ್ಯ ವಿಷಯ. ನನ್ನ ಗಂಡನನ್ನು ನಾನು ಸ್ಪಾನ್ಸರ್ ಮಾಡಿ ಕರೆಸಿಕೊಂಡವಳು. ಆಮೇಲೆ ಇಲ್ಲಿನ ಎಷ್ಟೋ ಹುಡುಗರು, ಹುಡುಗಿಯರ ಅರ್ಜಿ ಓದಿ ಕೊಟ್ಟಿದ್ದೇನೆ. ನಮ್ಮವರೆಲ್ಲ ಫಾರಂ ಚೆನ್ನಾಗಿಯೇ ತುಂಬುತ್ತಾರೆ. ಐಎಂಎಂ 1344, 0008, 5669, 5406 ಎಲ್ಲ ಸರಿಯಾಗಿರುತ್ತವೆ. ಸಂಬಂಧದ ಬಗ್ಗೆ ಕೇಳುವ 5532ಕ್ಕೆ ಬಂದಾಗ ಮಾತ್ರ ಎರಡೆರಡು ಸಾಲು ಬರೆದು ಮುಗಿಸುತ್ತಾರೆ. "ನಮ್ಮದು ಅರೇಂಜ್ಡ್ ಮ್ಯಾರೇಜ್, ಹಿರಿಯರು ನಿಶ್ಚಯಿಸಿದರು." ಅಷ್ಟೇ. ಅರ್ಜಿ ನಿಲ್ಲುವುದೂ ಬೀಳುವುದೂ ಆ ಫಾರಂ ಮೇಲೆ.

ಅಧಿಕಾರಿಯ ಮೇಜಿನ ಮೇಲೆ ನಿಮ್ಮ ಕಡತ ಹೇಗೆ ಕಾಣುತ್ತದೆ ಯೋಚಿಸಿ. ಹುಡುಗ ಹುಡುಗಿ ನೆಂಟರು. ಮದುವೆಯಾದ ಕೆಲವೇ ವಾರಕ್ಕೆ ಹುಡುಗ ದೇಶ ಬಿಟ್ಟ. ಹುಡುಗಿ ಗಂಡನ ಮನೆ ಬಿಟ್ಟು ಅಪ್ಪನ ಮನೆಗೆ ಹೋದಳು. ಇಬ್ಬರ ಕಾಗದದಲ್ಲೂ ಬೇರೆ ಬೇರೆ ವಿಳಾಸ. ಕಾರಣ ಗೊತ್ತಿಲ್ಲದವರು ಈ ನಾಲ್ಕನ್ನೂ ಒಟ್ಟಿಗೆ ಓದಿದರೆ ಇದು ಪೇಪರ್ ಮೇಲಿನ ಮದುವೆ ಅಂದುಕೊಳ್ಳುವುದು ಸಹಜ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅನ್ನುವುದು ಹಾಸನದಲ್ಲಿ ಮಕ್ಕಳಿಗೂ ಗೊತ್ತು, ಅವರಿಗೆ ಗೊತ್ತಿಲ್ಲ. ಗೊತ್ತಿರಬೇಕು ಅಂತ ನಾವು ನಿರೀಕ್ಷಿಸುವುದೂ ತಪ್ಪು. ಆದ್ದರಿಂದ ಅವರು ಕೇಳುವ ಮೊದಲೇ ನೀವು ಹೇಳಿ. ಒಂದು ಪ್ರತ್ಯೇಕ ವಿವರಣೆ ಪತ್ರ ಬರೆಯಿರಿ. ಯಾವ ಸಂಪ್ರದಾಯ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾಕೆ, ಶ್ರಾವಣದಲ್ಲಿ ಯಾವಾಗ ವಾಪಸ್ ಕರೆತರುತ್ತಾರೆ, ಎಲ್ಲ ಬರಲಿ.

ನಮ್ಮದರಲ್ಲಿ ಪ್ರಶ್ನೆ ಬೇರೆ ಇತ್ತು. ನನ್ನ ಗಂಡ ನನಗಿಂತ ಚಿಕ್ಕವರು. ನಮ್ಮ ಕಡೆ ಅದು ಅಪರೂಪ ಅಂತ ಅಧಿಕಾರಿಗೂ ಗೊತ್ತಿತ್ತು, ಸಂದರ್ಶನದಲ್ಲಿ ಅದನ್ನೇ ಕೇಳಿದರು. ಎರಡೂ ಮನೆಯವರು ಮೊದಲು ಒಪ್ಪಿರಲಿಲ್ಲ, ಯಾರು ಯಾರನ್ನು ಹೇಗೆ ಒಪ್ಪಿಸಿದರು ಅಂತ ಪತ್ರದಲ್ಲಿ ಆಗಲೇ ಬರೆದಿದ್ದೆವು. ನನ್ನ ಗಂಡ ಬಾಯಲ್ಲಿ ಹೇಳಿದ್ದೂ ಪತ್ರದಲ್ಲಿದ್ದದ್ದೂ ಒಂದೇ ಆಗಿತ್ತು. ಅಲ್ಲಿಗೆ ಆ ವಿಷಯ ಮುಗಿಯಿತು.

ಗೋಕಾಕ ಕರದಂಟು (ಬ್ರಾಂಪ್ಟನ್)

ತಮ್ಮಾ, ಒಂದ್ ಮಾತ್ ಮೊದಲ ಕೇಳ್ತೀನಿ. ಮದಿವಿ, ರಿಜಿಸ್ಟ್ರೇಷನ್ ಎಲ್ಲಾ ನೀವು ಪಿಆರ್ ಆಗಿ ಇಲ್ಲಿ ಇಳದ ಮ್ಯಾಲೆ ಆಗೇತಿ ಹೌದಲ್ರಿ? ಹಂಗಿದ್ರ ಚಿಂತಿಲ್ಲ.

ಯಾಕ ಕೇಳಿದೆ ಅಂದ್ರ, ನಮ್ಮ ಕಡೆ ಹುಡುಗರು ಇದರಾಗ ಬಾಳ ಸಿಗಬೀಳ್ತಾರ. ಸಿಂಗಲ್ ಅಂತ ಅರ್ಜಿ ಹಾಕಿರ್ತಾರ. ಪಿಆರ್ ಬರೂದ್ರಾಗ ಮನ್ಯಾಗ ಹುಡುಗಿ ನೋಡ್ತಾರ, ದೊಡ್ಡ ಮದಿವಿ ಮುಂದಿನ ವರ್ಷ ಮಾಡೂಣು, ಸದ್ಯ ರಿಜಿಸ್ಟ್ರಾರ್ ಆಫೀಸಿನಾಗ ಸಹಿ ಮಾಡೂಣು ಅಂತಾರ. ಹುಡುಗ ಅದನ್ನ ಇಮಿಗ್ರೇಷನ್‌ಗೆ ತಿಳಸಂಗಿಲ್ಲ, ಹಂಗ ಬಂದು ಲ್ಯಾಂಡ್ ಆಗ್ತಾನ. ಆಮ್ಯಾಲೆ ಹೆಂಡ್ತಿನ ಕರ್ಸೂಣು ಅಂದ್ರ ಬಾಗಲಾ ಮುಚ್ಚಿರ್ತದ. ಲ್ಯಾಂಡ್ ಆಗೂ ಮುಂದ ಇದ್ದ ಹೆಂಡ್ತಿ ಮಕ್ಕಳನ್ನ ತೋರಸಲಿಲ್ಲ ಅಂದ್ರ ಅವರನ್ನ ಫ್ಯಾಮಿಲಿ ಕ್ಲಾಸಿನಾಗ ಸ್ಪಾನ್ಸರ್ ಮಾಡಾಕ ಬರೂದಿಲ್ಲ, ಕೆನಡಾದ ಇಮಿಗ್ರೇಷನ್ ನಿಯಮದಾಗ 117(9)(d) ಅಂತ ಐತಿ. ಮ್ಯಾಲೆ ಹುಡುಗನ ಪಿಆರ್‌ಗೂ ಕುತ್ತು, ಸುಳ್ಳ ಹೇಳಿದ ಅಂತ.

ಮದಿವಿ ನಿಶ್ಚಯ ಆಗಿರೋ ಯಾರರ ಇದನ್ನ ಓದಾಕತ್ತಿದ್ರ, ದಯವಿಟ್ಟು ಲ್ಯಾಂಡ್ ಆಗೂ ಮೊದಲ ತಿಳಸ್ರಿ, ಇಲ್ಲಾಂದ್ರ ಲ್ಯಾಂಡ್ ಆದ ಮ್ಯಾಲೆ ಮದಿವಿ ಆಗ್ರಿ. ಅವಸರದಾಗ ಮಾಡಿದ ಒಂದ್ ಸಹಿಯಿಂದ ಗಂಡ ಹೆಂಡ್ತಿ ವರ್ಷಗಟ್ಟಲೆ ಅಗಲಿ ಕುಂತದ್ದನ್ನ ನಾ ನೋಡೀನಿ.

ನೇತ್ರಾವತಿ (ಟೊರೊಂಟೊ)

ಗೋಕಾಕದವರು ಹೇಳಿದ್ದು ಬಹಳ ಮುಖ್ಯ. 2019ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ಒಂದು ಸಡಿಲಿಕೆ ತಂದರು. ಆದರೆ ಅದು ನಿರಾಶ್ರಿತರಾಗಿ ಬಂದವರು, ತಾವೇ ಸಂಗಾತಿ ಅಥವಾ ಮಗುವಾಗಿ ಸ್ಪಾನ್ಸರ್ ಆಗಿ ಬಂದವರು ಇಂಥವರಿಗೆ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಬಂದ ನಮ್ಮ ಐಟಿ ಹುಡುಗರು ಅದನ್ನು ನಂಬಿಕೊಂಡು ಕೂರಬಾರದು.

ನಾನು ಇಲ್ಲಿ ವಕೀಲರ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಹೇಮಾವತಿಯವರ "ಕಸಿನ್" ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು.

ಹೊರದೇಶದಲ್ಲಿ ನಡೆದ ಮದುವೆ ನಡೆದ ಜಾಗದ ಕಾನೂನಿಗೂ ಕೆನಡಾದ ಕಾನೂನಿಗೂ ಸಿಂಧುವಾಗಿರಬೇಕು. ಕೆನಡಾದ ಕಡೆಯಿಂದ ನಿಮಗೆ ತೊಂದರೆಯೇ ಇಲ್ಲ. ಯಾರು ಯಾರನ್ನು ಮದುವೆಯಾಗಬಾರದು ಅಂತ ಹೇಳುವ ಇಲ್ಲಿನ 1990ರ ಕಾಯ್ದೆ ನಿಷೇಧಿಸುವುದು ನೇರ ವಂಶದವರ ಮತ್ತು ಒಡಹುಟ್ಟಿದವರ ಮದುವೆಯನ್ನು ಮಾತ್ರ. ಸೋದರಮಾವನ ಮಗಳಿರಲಿ, ಅಕ್ಕನ ಮಗಳನ್ನು ಮದುವೆಯಾದರೂ ಆ ಕಾಯ್ದೆ ಅಡ್ಡ ಬರುವುದಿಲ್ಲ.

ಗಮನ ಕೊಡಬೇಕಾದ್ದು ಭಾರತದ ಕಡೆಗೆ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಅಣ್ಣ ತಂಗಿಯರ ಮಕ್ಕಳು ಮದುವೆಯಾಗಬಾರದ ಸಂಬಂಧಗಳ ಪಟ್ಟಿಯಲ್ಲಿ ಬರುತ್ತಾರೆ. ಅದೇ ಕಾಯ್ದೆಯ 5ನೇ ಕಲಂ ಒಂದು ವಿನಾಯಿತಿಯನ್ನೂ ಕೊಟ್ಟಿದೆ. ಇಬ್ಬರ ಕಡೆಯ ರೂಢಿಯೂ ಒಪ್ಪುವುದಾದರೆ ಆ ಮದುವೆ ಸಿಂಧು. ನಮ್ಮ ಕಡೆ ಸೋದರಿಕೆಯ ಸಂಬಂಧ ತಲೆಮಾರುಗಳಿಂದ ಬಂದದ್ದು. ಆ ರೂಢಿ ಇದೆ ಅಂತ ಕಾಗದದಲ್ಲಿ ತೋರಿಸುವ ಹೊಣೆ ನಿಮ್ಮದು. ನಿಮ್ಮದೇ ಮನೆತನದಲ್ಲಿ ಹೀಗೆ ಮದುವೆಯಾದ ಹಿರಿಯರಿದ್ದರೆ ಅವರ ಹೆಸರು, ಸಂಬಂಧ, ಮದುವೆಯಾದ ವರ್ಷ ಹಾಕಿ ಒಂದು ವಂಶವೃಕ್ಷ ಬರೆಯಿರಿ. ಎರಡೂ ಕಡೆಯ ಹಿರಿಯರೊಬ್ಬೊಬ್ಬರ ಅಫಿಡವಿಟ್ ಮಾಡಿಸಿ. ನೋಂದಣಿ ಹಿಂದೂ ವಿವಾಹ ಕಾಯ್ದೆಯಡಿಯಲ್ಲೇ ಆಗಿದೆಯೇ ನೋಡಿಕೊಳ್ಳಿ. 1954ರ ವಿಶೇಷ ವಿವಾಹ ಕಾಯ್ದೆಯ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲೂ ಸೋದರಮಾವನ ಮಗಳು ಬರುತ್ತಾಳೆ, ಅಲ್ಲಿ ತೊಡಕು ಜಾಸ್ತಿ.

ಮುಚ್ಚಿಡು ಅಂದವರ ಮಾತು ಕೇಳಲೇಬೇಡಿ. ನಿಮ್ಮ ತಾಯಿಯ ತಂದೆಯೂ ಹುಡುಗಿಯ ತಂದೆಯ ತಂದೆಯೂ ಒಬ್ಬರೇ ಅನ್ನುವುದು ಒಂದಲ್ಲ ಒಂದು ಕಾಗದದಲ್ಲಿ ಹೊರಬಂದೇ ಬರುತ್ತದೆ. ಸುಳ್ಳು ಹೇಳಿದ್ದಾರೆ ಅಂತ ತೀರ್ಮಾನವಾದರೆ 5 ವರ್ಷ ನಿರ್ಬಂಧ. ಯಾವ ತಪ್ಪೂ ಇಲ್ಲದ ಮದುವೆಗೆ ನೀವೇ ತಪ್ಪು ಅಂಟಿಸಿದಂತಾಗುತ್ತದೆ.

ಹೇಮಾವತಿ ದಂಡೆ (ಎಡ್ಮಂಟನ್)

ಎಲ್ಲರಿಗೂ ಧನ್ಯವಾದ. ಮದುವೆ, ನೋಂದಣಿ ಎರಡೂ ನಾನು ಪಿಆರ್ ಆಗಿ ಬಂದು ಎಷ್ಟೋ ಸಮಯದ ಮೇಲೆ ಆಗಿದ್ದು. ಉಪನೋಂದಣಾಧಿಕಾರಿ ಕಚೇರಿಯ ಸರ್ಟಿಫಿಕೇಟ್ ಹಿಂದೂ ವಿವಾಹ ಕಾಯ್ದೆಯದ್ದೇ. ನಮ್ಮ ಅಜ್ಜಿಯೂ ಸೋದರಿಕೆಯಲ್ಲೇ ಮದುವೆಯಾದವರು, ಅವರ ಹತ್ತಿರ ಅಫಿಡವಿಟ್ ಮಾಡಿಸಬಹುದು. ಸಾಕ್ಷಿಗೆ ಇನ್ನೇನು ಹಾಕಲಿ? ವಾಟ್ಸಾಪ್ ಚಾಟ್ ಪೂರ್ತಿ ಪ್ರಿಂಟ್ ತೆಗೆದರೆ ನೂರಾರು ಪುಟ ಬರುತ್ತದೆ.

ಅಂಚೆಪೆಟ್ಟಿಗೆ (ಮಿಸಿಸಾಗಾ)

ನೂರಾರು ಪುಟ ಯಾರೂ ಓದುವುದಿಲ್ಲ. ಬೇರೆ ಬೇರೆ ತಿಂಗಳಿನ ನಾಲ್ಕಾರು ಪುಟ ಆರಿಸಿ. ದಿನನಿತ್ಯದ ಮಾತೇ ಇರಲಿ: ಊಟ ಆಯ್ತಾ, ಮಾವನವರ ಬಿಪಿ ಹೇಗಿದೆ, ಅಡಿಕೆ ಔಷಧಿ ಹೊಡೆಸಿದ್ರಾ. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು, ಅನುವಾದಕರ ಅಫಿಡವಿಟ್ ಸಮೇತ. ನೀವಾಗಲೀ ಮನೆಯವರಾಗಲೀ ಅನುವಾದ ಮಾಡುವಂತಿಲ್ಲ. ಲಗ್ನಪತ್ರಿಕೆಗೂ ಇದೇ ನಿಯಮ. ಲಗ್ನಪತ್ರಿಕೆ ಮಾತ್ರ ಖಂಡಿತ ಹಾಕಿ. ಎರಡೂ ಮನೆತನದ ಹೆಸರು, ಆಹ್ವಾನಿಸುವವರ ಪಟ್ಟಿ, ಮುಹೂರ್ತ, ಛತ್ರದ ವಿಳಾಸ, ಎಲ್ಲ ಒಂದೇ ಹಾಳೆಯಲ್ಲಿ ಸಿಗುತ್ತದೆ.

ನಮ್ಮವರು ಮರೆಯುವ ಒಂದು ದೊಡ್ಡ ಸಾಕ್ಷಿ ಇದೆ: ಮುಯ್ಯಿ ಬರೆದ ಪುಸ್ತಕ. ಛತ್ರದ ಬಾಗಿಲಲ್ಲಿ ನಿಮ್ಮ ಚಿಕ್ಕಪ್ಪನೋ ಭಾವನೋ ಕೂತು ಯಾರು ಎಷ್ಟು ಕೊಟ್ಟರು ಅಂತ ಬರೆದಿರುತ್ತಾರಲ್ಲ, ಅದು. ಮದುವೆಗೆ ಊರಿಗೆ ಊರೇ ಬಂದಿತ್ತು ಅನ್ನುವುದಕ್ಕೆ ಅದಕ್ಕಿಂತ ಬೇರೆ ದಾಖಲೆ ಬೇಕಾ? ಎರಡು ಮೂರು ಪುಟ ಸ್ಕ್ಯಾನ್ ಮಾಡಿ, ಅನುವಾದ ಮಾಡಿಸಿ, ಇದು ಏನು ಅಂತ ಒಂದು ಸಾಲು ಬರೆದು ಸೇರಿಸಿ. ಛತ್ರದ ರಸೀದಿ, ಅಡುಗೆಯವರಿಗೆ ಕೊಟ್ಟ ಮುಂಗಡದ ಚೀಟಿ ಇದ್ದರೆ ಅವೂ ಇರಲಿ.

ಫೋಟೊ ಇಪ್ಪತ್ತಕ್ಕಿಂತ ಹೆಚ್ಚು ಬೇಡ. ಸ್ಟುಡಿಯೊದವರು ತೋಟದಲ್ಲಿ ನಿಲ್ಲಿಸಿ ತೆಗೆದ ಜೋಡಿ ಫೋಟೊಗಳಿಗಿಂತ ನಿಶ್ಚಿತಾರ್ಥ, ಧಾರೆ, ಬೀಗರೂಟದಲ್ಲಿ ಮನೆಯವರ ನಡುವೆ ಇರುವ ಫೋಟೊಗಳು ಹೆಚ್ಚು ಮಾತಾಡುತ್ತವೆ. ನಿಮ್ಮದರಲ್ಲಿ ಇನ್ನೊಂದು ಅನುಕೂಲ ಇದೆ. ಚಿಕ್ಕಂದಿನಿಂದ ಗೊತ್ತು ಅಂದಿರಿ, ಹಾಗಾದರೆ ಹಬ್ಬದಲ್ಲೋ ಮುಂಜಿಯಲ್ಲೋ ಇಬ್ಬರೂ ಇರುವ ಹಳೇ ಫೋಟೊ ಇದ್ದೇ ಇರುತ್ತದೆ. ಪ್ರತಿ ಫೋಟೊ ಕೆಳಗೆ ತಾರೀಖು, ಸ್ಥಳ, ಎಡದಿಂದ ಬಲಕ್ಕೆ ಯಾರು ಯಾರು ಅಂತ ಬರೆಯಿರಿ.

ಹೆಸರಿನ ವಿಷಯ ಸುಲಭ. ಇನಿಷಿಯಲ್ ಇರುವ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಬ್ಬರದೇ ಅಂತ ನೋಟರಿ ಅಫಿಡವಿಟ್ ಸಾಕು. ಕೆಪಿಎಸ್‌ಸಿ ಓದಿದ ಕಾಲವನ್ನು 5669ರಲ್ಲಿ ಖಾಲಿ ಬಿಡಬೇಡಿ. ಕಳೆದ 10 ವರ್ಷದ ಒಂದು ತಿಂಗಳೂ ಖಾಲಿ ಇರಬಾರದು. ಸ್ಪರ್ಧಾತ್ಮಕ ಪರೀಕ್ಷೆಗೆ ಮನೆಯಲ್ಲಿದ್ದು ತಯಾರಿ ಅಂತಲೇ ಬರೆಯಿರಿ. ಹಾಲ್ ಟಿಕೆಟ್ ಇದ್ದರೆ ಇಟ್ಟುಕೊಂಡಿರಿ.

ತುಮಕೂರಿನ ತಂದೆ

ನಾನು ಇಲ್ಲಿ ಹೊಸಬ. ನನ್ನ ಮಗಳಿಗೆ ಕೆನಡಾದಲ್ಲಿರುವ ಹುಡುಗನ ಸಂಬಂಧ ಬಂದಿದೆ. ಮನೆತನ ಒಳ್ಳೆಯದು. ಆದರೂ ಹೆತ್ತ ಕರುಳು ಕೇಳುತ್ತದೆ. ಸ್ಪಾನ್ಸರ್ ಮಾಡಿದ ಗಂಡ "ವಾಪಸ್ ಕಳಿಸಿಬಿಡ್ತೀನಿ" ಅಂದರೆ ಮಗಳ ಗತಿ ಏನು? ಅವಳ ಪಿಆರ್ ಅವನ ಕೈಯಲ್ಲಿರುತ್ತದೆಯೇ? ಹುಡುಗನ ಸಂಬಳ ಇಷ್ಟಿರಬೇಕು ಅಂತ ಏನಾದರೂ ಇದೆಯೇ?

ನೇತ್ರಾವತಿ (ಟೊರೊಂಟೊ)

ಸರ್, ನೀವು ಕೇಳಿದ್ದು ಒಳ್ಳೆಯದಾಯಿತು. ಮದುವೆ ಮಾತುಕತೆಯಲ್ಲಿ ಇದನ್ನು ಕೇಳಲು ಎಷ್ಟೋ ತಂದೆತಾಯಿ ಸಂಕೋಚಪಡುತ್ತಾರೆ.

ಪಿಆರ್ ಆದಮೇಲೆ ಅದು ನಿಮ್ಮ ಮಗಳದ್ದು, ಗಂಡ ಅದನ್ನು ವಾಪಸ್ ಪಡೆಯಲು ಬರುವುದಿಲ್ಲ. 2012ರ ಅಕ್ಟೋಬರ್‌ನಲ್ಲಿ ಒಂದು ನಿಯಮ ತಂದಿದ್ದರು. ಮದುವೆಯಾಗಿ ಹೆಚ್ಚು ಕಾಲವಾಗಿಲ್ಲದ, ಮಕ್ಕಳಿಲ್ಲದ ದಂಪತಿ ಪಿಆರ್ ಆದಮೇಲೆ 2 ವರ್ಷ ಒಟ್ಟಿಗೆ ಬಾಳಲೇಬೇಕು, ಇಲ್ಲದಿದ್ದರೆ ಪಿಆರ್ ಹೋಗುತ್ತದೆ ಅಂತ. ಹೊಡೆತ ಬಡಿತ ಸಹಿಸಿಕೊಂಡು ಹೆಣ್ಣುಮಕ್ಕಳು ಮನೆಯಲ್ಲೇ ಉಳಿಯುವಂತಾಗುತ್ತದೆ ಎಂಬ ಆತಂಕ ಬಲವಾಗಿ ಕೇಳಿಬಂದು 2017ರ ಏಪ್ರಿಲ್‌ನಲ್ಲಿ ಅದನ್ನು ತೆಗೆದರು. ತೆಗೆದದ್ದು ಸರಿಯಾದ ಕೆಲಸ. ಆದರೆ ಹಳೆಯ ಮಾತನ್ನೇ ಹೇಳಿ ಹೆದರಿಸುವವರು ಈಗಲೂ ಇದ್ದಾರೆ. ಮಗಳಿಗೆ ಇದು ಗೊತ್ತಿರಲಿ.

ಪಿಆರ್ ಆಗುವ ಮೊದಲು ಮಾತ್ರ ಗಂಡ ಅರ್ಜಿ ಹಿಂತೆಗೆದುಕೊಳ್ಳಬಹುದು. ಆದಮೇಲೆ 3 ವರ್ಷ ಅವಳ ಊಟ, ಬಟ್ಟೆ, ವಸತಿ, ಸರ್ಕಾರದ ವಿಮೆಗೆ ಬಾರದ ಹಲ್ಲು ಕಣ್ಣಿನ ಚಿಕಿತ್ಸೆ, ಎಲ್ಲಕ್ಕೂ ಅವನೇ ಹೊಣೆ ಅಂತ ಸರ್ಕಾರಕ್ಕೆ ಬರೆದುಕೊಟ್ಟಿರುತ್ತಾನೆ. ಬೇರೆಯಾದರೂ, ವಿಚ್ಛೇದನವಾದರೂ ಆ ಹೊಣೆ ತಪ್ಪುವುದಿಲ್ಲ. ಅವಳ ಪಾಸ್‌ಪೋರ್ಟ್, ಪಿಆರ್ ಕಾರ್ಡ್ ಅವಳ ಹತ್ತಿರವೇ ಇರಬೇಕು. ಕೌಟುಂಬಿಕ ದೌರ್ಜನ್ಯಕ್ಕೆ ಸಿಕ್ಕಿ ಪಿಆರ್ ಇನ್ನೂ ಆಗದ ಸಂಗಾತಿಗೆ ತಾತ್ಕಾಲಿಕ ವಾಸದ ಪರವಾನಗಿ ಕೊಡುವ ವ್ಯವಸ್ಥೆಯೂ 2019ರಿಂದ ಇದೆ.

ಸಂಬಳದ ಬಗ್ಗೆ: ಹೆಂಡತಿಯೊಬ್ಬಳನ್ನೇ ಸ್ಪಾನ್ಸರ್ ಮಾಡಲು ಕನಿಷ್ಠ ಆದಾಯದ ನಿಯಮ ಇಲ್ಲ. ಆದರೆ ಅಂಗವೈಕಲ್ಯದ ಕಾರಣ ಬಿಟ್ಟು ಬೇರೆ ಕಾರಣಕ್ಕೆ ಸರ್ಕಾರದ ಜೀವನಾಧಾರದ ನೆರವು ಪಡೆಯುತ್ತಿರುವವನು ಸ್ಪಾನ್ಸರ್ ಮಾಡುವಂತಿಲ್ಲ. ಹುಡುಗ ಹಿಂದೆ ತಾನೇ ಗಂಡನಾಗಿ ಸ್ಪಾನ್ಸರ್ ಆಗಿ ಬಂದವನೇ ಅಂತಲೂ ವಿಚಾರಿಸಿ. ಹಾಗಿದ್ದರೆ ಅವನಿಗೆ ಪಿಆರ್ ಆಗಿ 5 ವರ್ಷ ತುಂಬುವ ತನಕ ಮತ್ತೊಬ್ಬ ಸಂಗಾತಿಯನ್ನು ಸ್ಪಾನ್ಸರ್ ಮಾಡಲು ಬರುವುದಿಲ್ಲ.

ಗೋಕಾಕ ಕರದಂಟು (ಬ್ರಾಂಪ್ಟನ್)

ಯಜಮಾನ್ರ, ಮತ್ತೊಂದ್ ಮಾತು. ಹುಡುಗಗ ರಜಾ ಸಿಗಲಿಲ್ಲ ಅಂತ ವಿಡಿಯೊ ಕಾಲ್ ಮ್ಯಾಲೆ ಮದಿವಿ ಮಾಡೂಣು ಅಂದ್ರ ಒಪ್ಪಬ್ಯಾಡ್ರಿ. ಇಬ್ಬರೂ ಒಂದ ಜಾಗಾದಾಗ ಎದುರಿಗೆ ಇರದ ಮದಿವಿನ ಕೆನಡಾದವರು 2015ರ ಜೂನ್‌ದಿಂದ ಲೆಕ್ಕಕ್ಕ ಹಿಡಿಯಂಗಿಲ್ಲ.

ಬಸವನಗುಡಿ ನಿವಾಸಿ (ಬೆಂಗಳೂರು)

ನನ್ನ ಸಂಗಾತಿ ವ್ಯಾಂಕೂವರ್‌ನಲ್ಲಿದ್ದಾನೆ, ಸಿಟಿಜನ್. ನಾವಿಬ್ಬರೂ ಗಂಡಸರು. ಇಲ್ಲಿ ಮದುವೆಯಾಗುವಂತಿಲ್ಲ. ನಮಗೆ ದಾರಿ ಇದೆಯೇ?

ನೇತ್ರಾವತಿ (ಟೊರೊಂಟೊ)

ಇದೆ. ಕೆನಡಾದಲ್ಲಿ 2005ರಿಂದ ದೇಶದಾದ್ಯಂತ ಸಲಿಂಗ ವಿವಾಹ ಕಾನೂನುಬದ್ಧ. ನೀವು ವಿಸಿಟರ್ ವೀಸಾದಲ್ಲಿ ಹೋಗಿ ಅಲ್ಲಿ ಮದುವೆಯಾದರೆ ಎಲ್ಲ ದಂಪತಿಗಳ ಹಾಗೆಯೇ ಅರ್ಜಿ. ವೀಸಾ ಸಿಗದಿದ್ದರೆ ಕಾಂಜುಗಲ್ ಪಾರ್ಟ್ನರ್ ಅನ್ನುವ ವರ್ಗ ಇದೆ. ಕನಿಷ್ಠ 1 ವರ್ಷದ ಗಟ್ಟಿ ಸಂಬಂಧವಿದ್ದು, ಕಾನೂನಿನ ಅಡ್ಡಿಯಿಂದ ಮದುವೆಯಾಗಲೂ ಒಟ್ಟಿಗೆ ಬಾಳಲೂ ಆಗದವರಿಗಾಗಿಯೇ ಅದು. ವೀಸಾ ನಿರಾಕರಣೆಯ ಪತ್ರಗಳನ್ನು ಜೋಪಾನವಾಗಿಡಿ, ಪ್ರಯತ್ನಿಸಿದ್ದೀರಿ ಅನ್ನುವುದಕ್ಕೆ ಅವೇ ಆಧಾರ. ನಿಮ್ಮ ವಿಷಯದಲ್ಲಿ ವಕೀಲರ ಸಲಹೆ ಪಡೆಯುವುದು ಒಳ್ಳೆಯದು.

ಚಾಮುಂಡಿ ಮೆಟ್ಟಿಲು (ಕ್ಯಾಲ್ಗರಿ)

ಏಜೆಂಟರ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ತಂಗಿಯ ಅರ್ಜಿಗೆ ಊರಿನ ಏಜೆಂಟೊಬ್ಬರು ದುಡ್ಡು ಪಡೆದು, ಎಲ್ಲರಿಗೂ ಹಾಕುವ ಅದೇ ಪ್ರೇಮಕಥೆ ಬರೆದು ಕೊಟ್ಟಿದ್ದರು. ಕಳಿಸುವ ಮೊದಲು ಓದಿದ್ದರಿಂದ ಬಚಾವಾದೆವು. ದುಡ್ಡು ಪಡೆದು ಸಲಹೆ ಕೊಡುವವರು ಕೆನಡಾದ ವಕೀಲರಾಗಿರಬೇಕು, ಇಲ್ಲವೇ ಸಿಐಸಿಸಿ (ವಲಸೆ ಕನ್ಸಲ್ಟೆಂಟರನ್ನು ನಿಯಂತ್ರಿಸುವ ಕೆನಡಾದ ಸಂಸ್ಥೆ) ಲೈಸೆನ್ಸ್ ಇರುವ ಕನ್ಸಲ್ಟೆಂಟ್ ಆಗಿರಬೇಕು. ಸಿಐಸಿಸಿಯ ಪಟ್ಟಿ ಆನ್‌ಲೈನ್‌ನಲ್ಲೇ ಇದೆ, ಹೆಸರು ಹಾಕಿ ನೋಡಿ. ಸರಳ ಅರ್ಜಿಯಾದರೆ ಇಮಿಗ್ರೇಷನ್ ಇಲಾಖೆಯ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.

ಖರ್ಚು: 2024ರ ಏಪ್ರಿಲ್ 30ರ ಪರಿಷ್ಕರಣೆಯ ಪ್ರಕಾರ ಸ್ಪಾನ್ಸರ್ ಶುಲ್ಕ 85, ಅರ್ಜಿ ಶುಲ್ಕ 545, ಪಿಆರ್ ಹಕ್ಕಿನ ಶುಲ್ಕ 575, ಒಟ್ಟು 1,205 ಡಾಲರ್ ಇತ್ತು. ಬಯೊಮೆಟ್ರಿಕ್ಸ್‌ಗೆ (ಬೆರಳಚ್ಚು, ಫೋಟೊ) ಬೇರೆ 85. ಎರಡು ವರ್ಷಕ್ಕೊಮ್ಮೆ ಪಿಆರ್ ಶುಲ್ಕ ಪರಿಷ್ಕರಿಸುತ್ತಾರೆ, ಕಟ್ಟುವ ದಿನ ನೋಡಿ ಕಟ್ಟಿ. ಬೆರಳಚ್ಚು ಬೆಂಗಳೂರಿನಲ್ಲೇ ಕೊಡಬಹುದು. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ. ಮೆಡಿಕಲ್‌ಗೆ ಇಮಿಗ್ರೇಷನ್ ಇಲಾಖೆ ಒಪ್ಪಿದ ಡಾಕ್ಟರೇ ಆಗಬೇಕು.

ಮಾಂಟ್ರಿಯಲ್ ಕಡೆಯವರಿಗೆ ಒಂದು ಮಾತು. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯ 2024ರ ಜೂನ್ 26ರಿಂದ ಕುಟುಂಬ ಸ್ಪಾನ್ಸರ್ ಅರ್ಜಿಗಳಿಗೆ ಮಿತಿ ಹಾಕಿತು, ಅಲ್ಲಿನ ಪ್ರಾಂತ್ಯದ ಹಂತವೇ ಬೇರೆ. ಇಲ್ಲಿ ಹೇಳಿದ ಲೆಕ್ಕ ಅವರಿಗೆ ಪೂರ್ತಿ ಹೊಂದುವುದಿಲ್ಲ.

ಹೇಮಾವತಿ ದಂಡೆ (ಎಡ್ಮಂಟನ್)

ಅರ್ಜಿ ನಡೆಯುತ್ತಿರುವಾಗ ವಿಸಿಟರ್ ವೀಸಾಗೆ ಹಾಕಬಹುದಾ? ಪಿಆರ್‌ಗೆ ಹಾಕಿದ್ದೀವಿ ಅಂತ ಗೊತ್ತಾದರೆ ವೀಸಾ ಕೊಡಲ್ಲ ಅಂತಾರೆ. ಅವಳು ಬಂದರೆ ಒಳಗಿನ ವರ್ಗದಲ್ಲಿ (ಕೆನಡಾದೊಳಗೆ ಇದ್ದುಕೊಂಡೇ ಹಾಕುವ ಅರ್ಜಿ) ಹಾಕುವುದು ಒಳ್ಳೆಯದಾ?

ನೇತ್ರಾವತಿ (ಟೊರೊಂಟೊ)

ಹಾಕಬಹುದು. ಕಾಯಂ ಆಗಿ ನೆಲೆಸುವ ಆಸೆ ಇದೆ ಅನ್ನುವುದೊಂದೇ ಕಾರಣಕ್ಕೆ ತಾತ್ಕಾಲಿಕ ವೀಸಾ ನಿರಾಕರಿಸಬೇಕಾಗಿಲ್ಲ ಅಂತ ವಲಸೆ ಕಾಯ್ದೆಯ 22ನೇ ಕಲಂ ಹೇಳುತ್ತದೆ. ಅವಧಿ ಮುಗಿದರೆ ಹೊರಡುತ್ತಾಳೆ ಅಂತ ಅವರಿಗೆ ನಂಬಿಕೆ ಬರಬೇಕು. ಪಿಆರ್ ಅರ್ಜಿಯ ಸ್ವೀಕೃತಿ ಪತ್ರ ಬಂದಮೇಲೆ ಅದರ ಪ್ರತಿಯನ್ನೇ ಜೊತೆಗೆ ಹಾಕಿ, ಏನನ್ನೂ ಮರೆಮಾಚಬೇಡಿ.

ನಿಮ್ಮಂಥವರಿಗೆ ಸಂಗಾತಿ ಹೊರದೇಶದಲ್ಲಿರುವಾಗ ಹಾಕುವ ಹೊರಗಿನ ವರ್ಗವೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಅವಳು ಇಲ್ಲಿಗೆ ಬಂದರೂ ಆ ಅರ್ಜಿ ನಡೆಯುತ್ತದೆ, ಊರಿಗೆ ಹೋಗಿಬರಲೂ ಅಡ್ಡಿಯಿಲ್ಲ. ಒಳಗಿನ ವರ್ಗದಲ್ಲಿ ಹಾಕಿದವರು ಇಲ್ಲೇ ಒಟ್ಟಿಗೆ ಇರಬೇಕು. ಊರಿಗೆ ಹೋದಾಗ ವಾಪಸ್ ಬರಲು ಆಗದಿದ್ದರೆ ಅರ್ಜಿ ಕೈತಪ್ಪಬಹುದು. ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಹೊರಗಿನ ವರ್ಗದ ಅರ್ಜಿ ತಿರಸ್ಕೃತವಾದರೆ 30 ದಿನದೊಳಗೆ ಸ್ಪಾನ್ಸರ್ ಮೇಲ್ಮನವಿ ಹಾಕಬಹುದು, ಅಲ್ಲಿ ಹೊಸ ಸಾಕ್ಷಿಯನ್ನೂ ಕೇಳುತ್ತಾರೆ, ನಿಮ್ಮ ಅಜ್ಜಿಯೇ ಮಾತಾಡಬಹುದು. ಒಳಗಿನ ವರ್ಗಕ್ಕೆ ಆ ಮೇಲ್ಮನವಿ ಇಲ್ಲ, ಫೆಡರಲ್ ಕೋರ್ಟಿಗೇ ಹೋಗಬೇಕು.

ಅರ್ಜಿ ಎಲ್ಲೋ ನಿಂತಂತೆ ಕಂಡರೆ 5 ಡಾಲರ್ ಕಟ್ಟಿ ಮಾಹಿತಿ ಹಕ್ಕಿನಡಿ ಕಡತದ ಟಿಪ್ಪಣಿ ತರಿಸಿಕೊಳ್ಳಬಹುದು. ಅಧಿಕಾರಿಯ ಮನಸ್ಸಿನಲ್ಲಿ ಯಾವ ಪ್ರಶ್ನೆ ಇದೆ ಅಂತ ಅದರಲ್ಲಿ ಗೊತ್ತಾಗುತ್ತದೆ.

ಹೇಮಾವತಿ ದಂಡೆ (ಎಡ್ಮಂಟನ್)

ವಿವರಣೆ ಪತ್ರದ ಒಂದು ಭಾಗ ಬರೆದಿದ್ದೇನೆ. ಇಂಗ್ಲಿಷ್‌ಗೆ ಹಾಕುವ ಮೊದಲು ನೋಡಿ ಹೇಳಿ:

"ನನ್ನ ಹೆಂಡತಿ ನನ್ನ ತಾಯಿಯ ಅಣ್ಣನ ಮಗಳು. ನಮ್ಮ ಸಮುದಾಯದಲ್ಲಿ ಈ ಸಂಬಂಧದಲ್ಲಿ ಮದುವೆ ಮಾಡುವುದು ಹಿಂದಿನಿಂದ ಬಂದ ರೂಢಿ. ನನ್ನ ಅಜ್ಜಿ ಅಜ್ಜನ ಮದುವೆಯೂ ಹೀಗೆಯೇ ಆಗಿದೆ. ಮದುವೆಯ ನಂತರ ನನ್ನ ಹೆಂಡತಿ ನನ್ನ ತಂದೆತಾಯಿಯ ಜೊತೆ ವಾಸವಾಗಿದ್ದಳು. ಆಷಾಢ ಮಾಸದಲ್ಲಿ ಹೊಸದಾಗಿ ಮದುವೆಯಾದ ಹೆಣ್ಣನ್ನು ತವರಿಗೆ ಕಳಿಸುವುದು ನಮ್ಮ ಕಡೆಯ ಪದ್ಧತಿ. ಆದ್ದರಿಂದ ಈಗ ಅವಳು ತನ್ನ ತಂದೆಯ ಮನೆಯಲ್ಲಿದ್ದಾಳೆ. ಶ್ರಾವಣದಲ್ಲಿ ನನ್ನ ತಂದೆತಾಯಿ ಹೋಗಿ ಕರೆತರುತ್ತಾರೆ."

ಅಂಚೆಪೆಟ್ಟಿಗೆ (ಮಿಸಿಸಾಗಾ)

ಚೆನ್ನಾಗಿದೆ, ಇದೇ ಧಾಟಿ ಇರಲಿ. ಮೂರು ಕಡೆ ತುಂಬಿಸಿ. ಆಷಾಢ, ಶ್ರಾವಣ ಅಂದಲ್ಲಿ ಇಂಗ್ಲಿಷ್ ತಾರೀಖು ಹಾಕಿ. ಎರಡೂ ಮನೆಯ ವಿಳಾಸ ಪೂರ್ತಿ ಬರೆದು, ಅದೇ ವಿಳಾಸ ಮತ್ತು ಅದೇ ತಾರೀಖುಗಳು 5669ರಲ್ಲೂ ಇವೆಯೇ ಹೋಲಿಸಿ ನೋಡಿ. ನೀವು ಯಾವಾಗ ವಾಪಸ್ ಬಂದಿರಿ, ಯಾಕೆ ಬಂದಿರಿ ಅನ್ನುವುದು ಇದರಲ್ಲಿ ಇಲ್ಲವೇ ಇಲ್ಲ. ರಜೆ ಮಂಜೂರಾದ ಪತ್ರ ಆಫೀಸಿನಿಂದ ಪಡೆದು, ಅದರ ತಾರೀಖು ಇಲ್ಲಿ ಸೇರಿಸಿ.

ನಿಮ್ಮ ಮಾವನವರಿಂದಲೂ ಒಂದು ಪತ್ರ ಬರಲಿ, ಮಗಳನ್ನು ಆಷಾಢಕ್ಕೆ ಕರೆತಂದದ್ದು ತಾವೇ ಅಂತ. ಕನ್ನಡದಲ್ಲೇ ಬರೆಯಲಿ, ಅನುವಾದ ಮಾಡಿಸಿ. ಶ್ರಾವಣದಲ್ಲಿ ಅವಳು ಮನೆಗೆ ಬಂದಮೇಲೆ ನಿಮ್ಮ ತಾಯಿಯ ಜೊತೆ ಫೋಟೊ ತೆಗೆದು ಕಳಿಸಲು ಹೇಳಿ, ಅರ್ಜಿಯನ್ನು ಅದು ಸೇರಿದ ಮೇಲೆಯೇ ಹಾಕಿ. ಒಂದು ತಿಂಗಳು ತಡವಾದರೂ ಪರವಾಗಿಲ್ಲ.